ಮರುಪರೀಕ್ಷೆ

ಕಳೆದ ವರ್ಷ, ನನ್ನ 53ನೆಯ ವಯಸ್ಸಿನಲ್ಲಿ, ನಾನು ಒಂದು ಪರೀಕ್ಷೆಯಲ್ಲಿ ಅನುತ್ತೀರ್ಣಳಾದೆ. ನಮ್ಮ ವಿಭಾಗದ ವಿದ್ಯಾರ್ಥಿಗಳಿಗೆ ಈ ಸಂಗತಿ ಹೊಸದಲ್ಲ. ಮರುದಿನ ಮುಂಜಾನೆಯ ಮೊದಲ ತಾಸಿಗೇ ಅದು ತರಗತಿಯನ್ನು ಮುಟ್ಟಿತ್ತು. ಆದರೆ ಆ ಪರೀಕ್ಷೆಗೂ ಅದರ ಮರುಪರೀಕ್ಷೆಗೂ ನಡುವೆ ಕಳೆದ ಹನ್ನೊಂದು ದಿನಗಳ ಕಥೆಯನ್ನು ನಾನು ಯಾರಿಗೂ ಹೇಳಿರಲಿಲ್ಲ. ಅದರಲ್ಲಿ ನಿಮ್ಮಲ್ಲೊಬ್ಬರ ಪಾಲೂ ಇರುವುದರಿಂದ ಇಲ್ಲಿ ಬರೆಯುತ್ತಿದ್ದೇನೆ.

ನಾನು ಕಾರು ನಡೆಸಲು ಕಲಿಯಹೊರಟದ್ದು ಹವ್ಯಾಸಕ್ಕಾಗಿ ಅಲ್ಲ. ನನ್ನ ಅಕ್ಕನ ಎರಡೂ ಮೂತ್ರಪಿಂಡಗಳು ಕೆಲಸ ನಿಲ್ಲಿಸಿವೆ. ಪ್ರತಿ ಮಂಗಳವಾರ ಮತ್ತು ಶುಕ್ರವಾರ ಆಕೆ ಅಕ್ಕಲಕೋಟೆಯಿಂದ ಸೊಲ್ಲಾಪುರಕ್ಕೆ ಹೋಗಿ ನಾಲ್ಕು ತಾಸು ಡಯಾಲಿಸಿಸ್ ಯಂತ್ರದ ಪಕ್ಕ ಮಲಗಬೇಕು. ದಾರಿ ಸುಮಾರು 40 ಕಿಲೋಮೀಟರು. ಹೋಗುವಾಗ ಎಸ್‌ಟಿ ಬಸ್ಸು ನಡೆಯುತ್ತದೆ, ಬರುವಾಗ ನಡೆಯುವುದಿಲ್ಲ. ಯಂತ್ರದಿಂದ ಬಿಡಿಸಿಕೊಂಡ ಮೇಲೆ ಆಕೆಯ ರಕ್ತದೊತ್ತಡ ಇಳಿದಿರುತ್ತದೆ, ಕಾಲಲ್ಲಿ ಸತ್ವವಿರುವುದಿಲ್ಲ. ತೀರಿಹೋದ ಭಾವನವರ ಹಳೆಯ ಕಾರೊಂದು ಮನೆಯಲ್ಲಿದೆ. ಓಣಿಯ ಹುಡುಗನೊಬ್ಬ ಅದನ್ನು ನಡೆಸಿಕೊಂಡು ಕರೆದೊಯ್ಯುತ್ತಿದ್ದ. ಅವನಿಗೆ ಪುಣೆಯಲ್ಲಿ ನೌಕರಿಯಾಯಿತು. “ಬಸ್ಸಿಗೇ ಹೋಗೂಣು ಬಿಡವ್ವಾ, ಏನಾಗ್ತೈತಿ” ಎಂದಳು ಅಕ್ಕ. ಎರಡು ವಾರ ಹಾಗೆಯೇ ಹೋದೆವು. ಎರಡನೆಯ ಶುಕ್ರವಾರ ನಾನು ನೀರಿನ ಬಾಟಲಿ ತರಲು ಹೋಗಿ ಬರುವಷ್ಟರಲ್ಲಿ ಆಕೆ ಬಸ್ ನಿಲ್ದಾಣದ ನೆಲದ ಮೇಲೆ, ಕಂಬಕ್ಕೆ ತಲೆಯಾನಿಸಿ ಕುಳಿತಿದ್ದಳು. ಬಾಕಿನ ಮೇಲೆ ಜಾಗವಿರಲಿಲ್ಲ. ಯಾರನ್ನೂ ಕೇಳುವ ಸ್ವಭಾವ ಅವಳದಲ್ಲ. ಮರುದಿನ ಸಂಜೆಯೇ ನಾನು ಡ್ರೈವಿಂಗ್ ಶಾಲೆಗೆ ಹೆಸರು ಹಚ್ಚಿದೆ.

ಕಲಿಕಾ ಪರವಾನಗಿಯ ಪರೀಕ್ಷೆ ಕಂಪ್ಯೂಟರಿನ ಮುಂದೆ ನಡೆಯುತ್ತದೆ. ಉತ್ತರಗಳನ್ನು ಆರಿಸುವ ಪ್ರಶ್ನೆಗಳಿಗೆ ಅಧ್ಯಾಪಕರು ಅಂಜುವುದಿಲ್ಲ. ಅದನ್ನು ಸಲೀಸಾಗಿ ದಾಟಿದೆ. ಆಮೇಲೆ 30 ದಿನ ಕಾಯಬೇಕು, ಆರು ತಿಂಗಳೊಳಗೆ ನಿಜವಾದ ಪರೀಕ್ಷೆ ಕೊಡಬೇಕು. ಅಷ್ಟು ದಿನ ಬಿಳಿಯ ಹಲಗೆಯ ಮೇಲೆ ಕೆಂಪು ‘ಎಲ್’ ಅಕ್ಷರ ತೂಗಿಸಿಕೊಂಡು ಊರಲ್ಲಿ ತಿರುಗಿದೆ. ಕಲಿಸುವ ಹುಡುಗ ನಿಮ್ಮಷ್ಟೇ ವಯಸ್ಸಿನವನು, ಮರಾಠಿಯವನು. “ಬಾಯಿ, ಕ್ಲಚ್ ಹಳೂಹಳೂ ಸೋಡಾ” ಎಂದು ದಿನಕ್ಕೆ ನೂರು ಸಲ ಹೇಳುತ್ತಿದ್ದ. ಶಾಲೆಯ ಗುರುಮಾತೆಯರನ್ನು ಕರೆಯುವ ‘ಬಾಯಿ’ ಎಂಬ ಮಾತಿನಿಂದ ಅವನು ನನ್ನನ್ನು ಕರೆಯುತ್ತ, ನನ್ನ ಗುರುವಾಗಿ ಕುಳಿತಿದ್ದ. ನಮ್ಮ ಕಡೆಯ ಕನ್ನಡದಲ್ಲಿ ಇದನ್ನು ‘ಗಾಡಿ ಹೊಡೆಯುವುದು’ ಎನ್ನುತ್ತೇವೆ. ಎತ್ತಿನ ಗಾಡಿಯ ಕಾಲದ ಮಾತು ಕಾರಿಗೂ ಬಂದಿದೆ. ‘ಚಾಲನೆ’ ಎಂಬ ಗ್ರಾಂಥಿಕ ಪದಕ್ಕಿಂತ ಅದೇ ನನಗೆ ಹಿಡಿಸುತ್ತದೆ, ಕ್ರಿಯೆಯಲ್ಲಿರುವ ಹೆಣಗಾಟ ಅದರಲ್ಲಿ ಕೇಳಿಸುತ್ತದೆ.

ಪರೀಕ್ಷೆಯ ದಿನ ಬಂತು. ನೀವು ಕಾವ್ಯಮೀಮಾಂಸೆಯ ಪತ್ರಿಕೆಗಾಗಿ ಎಂಟು ಸಾತ್ತ್ವಿಕ ಭಾವಗಳನ್ನು ಬಾಯಿಪಾಠ ಮಾಡುತ್ತೀರಿ: ಸ್ತಂಭ, ಸ್ವೇದ, ರೋಮಾಂಚ, ಸ್ವರಭೇದ, ವೇಪಥು, ವೈವರ್ಣ್ಯ, ಅಶ್ರು, ಪ್ರಲಯ. ನಾನು 26 ವರ್ಷ ಅವನ್ನು ಕಲಿಸಿದ್ದೇನೆ, ಕಪ್ಪುಹಲಗೆಯ ಮೇಲೆ ಒಂದರ ಕೆಳಗೊಂದು ಬರೆದಿದ್ದೇನೆ. ಅಂದು ಆ ಮೈದಾನದಲ್ಲಿ ಸರದಿಗಾಗಿ ನಿಂತಾಗ ಮೊದಲು ಅಂಗೈ ಬೆವತಿತು. ಬಳಿಕ ಎಡ ಮೊಳಕಾಲು ತನ್ನಷ್ಟಕ್ಕೆ ತಾನೇ ಅದುರತೊಡಗಿತು. ಹೆಸರು ಕೂಗಿದಾಗ ‘ಹೋ’ ಎಂದ ನನ್ನ ದನಿ ನನ್ನದೆನಿಸಲಿಲ್ಲ. ಸ್ವೇದ, ವೇಪಥು, ಸ್ವರಭೇದ. ಮನಸ್ಸಿನ ಯಾವುದೋ ಮೂಲೆಯಲ್ಲಿ ಅಧ್ಯಾಪಕಿಯೊಬ್ಬಳು ಕುಳಿತು ಸರಿಹಾಕುತ್ತಿದ್ದಳು. ಭರತನು ಇವನ್ನು ನಟನಿಗಾಗಿ ಹೇಳಿದ; ಮನಸ್ಸು ಒಂದರಲ್ಲಿ ನೆಟ್ಟಾಗ ಮಾತ್ರ ಇವು ಮೈಯಲ್ಲಿ ಮೂಡುತ್ತವೆ, ಬರಿಯ ಅನುಕರಣೆಯಿಂದ ತರಲಾಗದು ಎಂದು ನಾವು ಓದುತ್ತೇವೆ. ನನ್ನ ಮನಸ್ಸು ಅಂದು ಚೆನ್ನಾಗಿಯೇ ನೆಟ್ಟಿತ್ತು, ಆದರೆ ರಸ್ತೆಯ ಮೇಲಲ್ಲ.

ಏರಿನಲ್ಲಿ ಕಾರು ನಿಲ್ಲಿಸಿ, ಹಿಂದೆ ಜಾರದಂತೆ ಮತ್ತೆ ಹೊರಡಬೇಕಿತ್ತು. ಜಾರಿತು. ಇಂಜಿನ್ ನಿಂತುಹೋಯಿತು. ಮತ್ತೆ ಚಾಲೂ ಮಾಡಿ ಹೇಗೋ ಮೇಲೇರಿಸಿದೆ. ಪಕ್ಕದಲ್ಲಿದ್ದ ನಿರೀಕ್ಷಕರು ಶಾಂತವಾಗಿ “ಉಜವೀಕಡೆ ವಳವಾ” ಎಂದರು. ನಾನು ಎಡಕ್ಕೆ ತಿರುಗಿಸಿದೆ.

ಇದನ್ನು ಓದಿ ನಿಮಗೆ ನಗು ಬರಬಹುದು. ಐದನೆಯ ಇಯತ್ತೆಯಿಂದ ಮರಾಠಿಯಲ್ಲಿ ಓದಿದವಳು, ಮನೆಯ ಹೊರಗೆ ದಿನದ ಅರ್ಧ ವ್ಯವಹಾರವನ್ನು ಮರಾಠಿಯಲ್ಲೇ ಮಾಡುವವಳು ನಾನು. ‘ಉಜವೀ’ ಎಂದರೆ ಬಲ ಎಂಬುದು ನನಗೆ ಗೊತ್ತಿಲ್ಲವೆ? ನಿರೀಕ್ಷಕರು ಗದರಲಿಲ್ಲ. “ಮ್ಯಾಡಮ್, ಪುನ್ಹಾ ಯಾ” ಎಂದಷ್ಟೇ ಹೇಳಿ ಕಾಗದದ ಮೇಲೆ ಗುರುತು ಹಾಕಿದರು. ಮೋಟಾರು ವಾಹನ ಕಾಯಿದೆಯಂತೆ ಅನುತ್ತೀರ್ಣರಾದವರು ಏಳು ದಿನ ಕಳೆದ ಮೇಲೆ ಮತ್ತೆ ಬರಬಹುದು. ಮೂರು ಸಲ ತಪ್ಪಿದರೆ 60 ದಿನ ಕಾಯಬೇಕು. ನನಗೆ ಸಿಕ್ಕಿದ್ದು ಹನ್ನೊಂದನೆಯ ದಿನ.

ಆ ರಾತ್ರಿ ನಿದ್ದೆ ಬಾರದೆ ಮಲಗಿದ್ದಾಗ, ಎಡಬಲಗಳು ಎಲ್ಲಿ ಅದಲುಬದಲಾದವೆಂದು ಹುಡುಕುತ್ತ ಬಹಳ ಹಿಂದಕ್ಕೆ ಹೋದೆ. ನಮ್ಮ ಹಳ್ಳಿಯಲ್ಲಿ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆ ನಾಲ್ಕನೆಯವರೆಗೆ ಮಾತ್ರ ಇತ್ತು. ಐದನೆಯದಕ್ಕೆ ದೊಡ್ಡ ಊರಿನ ಮರಾಠಿ ಶಾಲೆ. ಅಲ್ಲಿ ಮೊದಲ ವಾರವೇ ಗುರುಗಳು ನನ್ನನ್ನು ಎಬ್ಬಿಸಿ ನಿಲ್ಲಿಸಿ ಏಳರ ‘ಪಾಢಾ’ ಹೇಳು ಎಂದರು. ಏಳೆಂಟ್ಲ ಐವತ್ತಾರು ಎಂಬುದು ನನ್ನ ನಾಲಿಗೆಯ ತುದಿಯಲ್ಲಿತ್ತು. ‘ಛಪ್ಪನ್ನ’ ಎಂಬ ಮಾತು ಎಲ್ಲಿಯೂ ಇರಲಿಲ್ಲ. ಉತ್ತರ ಗೊತ್ತಿತ್ತು, ಉತ್ತರದ ಭಾಷೆ ಗೊತ್ತಿರಲಿಲ್ಲ. ಇಡೀ ತರಗತಿ ನಕ್ಕಿತು. ಆಮೇಲೆ ಆ ಶಾಲೆಯಲ್ಲೇ ಮರಾಠಿಯಲ್ಲಿ ಬಹುಮಾನ ಪಡೆದೆ, ಆ ಭಾಷೆಯನ್ನು ಪ್ರೀತಿಸಿದೆ. ಆದರೂ ಅಧಿಕಾರದ ಕುರ್ಚಿಯಿಂದ, ಪರೀಕ್ಷಿಸುವ ದನಿಯಲ್ಲಿ, ಹಠಾತ್ತನೆ ಮರಾಠಿ ಬಂದರೆ ನನ್ನೊಳಗಿನ ಹತ್ತು ವರ್ಷದ ಹುಡುಗಿ ಎದ್ದು ನಿಲ್ಲುತ್ತಾಳೆ ಎಂಬುದು ಆ ಏರಿನ ಮೇಲೆ ತಿಳಿಯಿತು. ಗಡಿಯ ಈಚೆ ಕನ್ನಡ ಶಾಲೆಯಲ್ಲಿ ಕಲಿತು ಬಂದ ನಿಮ್ಮಲ್ಲಿ ಕೆಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮರಾಠಿಯಲ್ಲಿ ‘ಧಾಸ್ತೀ’ ಎಂಬ ಮಾತಿದೆ. ಎದುರಿಗಿರುವ ಹಾವನ್ನು ಕಂಡಾಗಿನ ಹೆದರಿಕೆಯಲ್ಲ ಅದು. ನಾಳೆ ಬರಲಿರುವುದನ್ನು ನೆನೆದು ಇಂದೇ ಪಡುವ ಅಳುಕು. ಮೊದಲ ಪರೀಕ್ಷೆಗೆ ಮುನ್ನ ನನಗಿದ್ದುದು ಕಾಣದ್ದರ ಅಂಜಿಕೆ. ಎರಡನೆಯದಕ್ಕೆ ಮುನ್ನ ಇದ್ದುದು ಕಂಡದ್ದರ ಧಾಸ್ತೀ. ಎರಡನೆಯದೇ ಕೆಟ್ಟದ್ದು. ಆ ಏರು, ಆ ಜಾರುವಿಕೆ, ಹಿಂದೆ ಸರದಿಯಲ್ಲಿದ್ದವರ ಮುಖಗಳು, ಎಲ್ಲವೂ ಕಣ್ಣು ಮುಚ್ಚಿದೊಡನೆ ಕ್ರಮವಾಗಿ ನಡೆಯುತ್ತಿದ್ದವು.

ಮರುದಿನ ತರಗತಿಗೆ ಬಂದಾಗ “ಮ್ಯಾಡಮ್, ಪಾಸ್ ಆಯ್ತ್ರೀ?” ಎಂದು ಕೇಳಿದಿರಿ. ಇಲ್ಲ ಎಂದೆ. ಒಂದು ಕ್ಷಣದ ಮೌನದ ನಂತರ ಹಿಂದಿನ ಬಾಕಿನಿಂದ “ಹಂಗಾದ್ರ ಎಟಿಕೆಟಿ ರೀ” ಎಂಬ ಮಾತು ಬಂತು. ಎಲ್ಲರೂ ನಕ್ಕೆವು; ನನ್ನ ನಗು ಎಲ್ಲರಿಗಿಂತ ಸ್ವಲ್ಪ ತಡವಾಗಿತ್ತು. ತಾಸು ಮುಗಿದ ಮೇಲೆ ಒಬ್ಬ ವಿದ್ಯಾರ್ಥಿ ಹೊರಗೆ ಹೋಗದೆ ನಿಂತ. ಕಾವ್ಯಮೀಮಾಂಸೆಯ ಪತ್ರಿಕೆಯನ್ನು ಎರಡು ಸಲ ಬರೆದು ಪಾಸಾದವನು. ನಾನು ಅವನಿಗೆ ಎರಡೂ ಸಲ “ಹೆದರಬೇಡ, ಧೈರ್ಯವಾಗಿ ಬರೆ” ಎಂದಿದ್ದೆ. ಅವನು ತಲೆ ತಗ್ಗಿಸಿ ಹೇಳಿದ: “ಮ್ಯಾಡಮ್, ಧೈರ್ಯ ಬರಂಗಿಲ್ರೀ. ನಾ ಹ್ವಾದ ಸಲ ಯಾವ ಪ್ರಶ್ನೆ ಬಿಟ್ಟಿದ್ನಿ, ಅದನ್ನ ದಿನಾ ಮುಂಜಾನೆ ಎದ್ದು ಮೊದಲ ಬರೀತಿದ್ದೆ. ಪೂರಾ ಪತ್ರಿಕೆ ಅಲ್ರೀ, ಅದೊಂದ. ಬರ್ದ ಬರ್ದ ಬ್ಯಾಸರಾತು. ಬ್ಯಾಸರಾದ ಮ್ಯಾಲೆ ಅಂಜಿಕಿ ಉಳೀಲಿಲ್ರೀ.”

26 ವರ್ಷಗಳಲ್ಲಿ ನೂರಾರು ಮಕ್ಕಳ ಉತ್ತರಪತ್ರಿಕೆಗಳ ಮೇಲೆ ಕೆಂಪು ಶಾಯಿಯ ಅಂಕಿ ಬರೆದಿದ್ದೇನೆ. ಮತ್ತೆ ಬರೆಯುವುದೆಂದರೆ ಹೇಗಿರುತ್ತದೆ ಎಂದು ಅವರಲ್ಲಿ ಒಬ್ಬರನ್ನೂ ನಾನು ಕೇಳಿರಲಿಲ್ಲ. ‘ಹೆದರಬೇಡ’ ಎಂಬುದು ಹೇಳುವವರಿಗೆ ಸುಲಭವಾದ ಮಾತು. ಅದನ್ನು ಹೇಳಿ ನಮ್ಮ ಕೆಲಸ ಮುಗಿಸಿಕೊಳ್ಳುತ್ತೇವೆ.

ಅವನ ದಾರಿಯನ್ನೇ ಹಿಡಿದೆ. ಎಂಟರ ಆಕಾರದಲ್ಲಿ ತಿರುಗುವುದು, ಹಿಂದಕ್ಕೆ ನಡೆಸುವುದು, ಗೇರು ಬದಲಿಸುವುದು, ಇವನ್ನೆಲ್ಲ ಬದಿಗಿಟ್ಟು, ಡ್ರೈವಿಂಗ್ ಶಾಲೆಯ ಹುಡುಗನೊಡನೆ ದಿನವೂ ಬೆಳಗಿನ ಜಾವ ಊರ ಹೊರಗಿನ ಒಂದು ಏರಿಗೆ ಹೋದೆ. ಅಲ್ಲಿ ನಿಲ್ಲಿಸುವುದು, ಹೊರಡುವುದು. ಕೈಬ್ರೇಕು ಎಳೆದು, ಕ್ಲಚ್ಚನ್ನು ನಿಧಾನವಾಗಿ ಬಿಡುತ್ತ ಬಂದರೆ ಒಂದು ಹಂತದಲ್ಲಿ ಇಂಜಿನ್ನಿನ ದನಿ ಭಾರವಾಗುತ್ತದೆ, ಕಾರಿನ ಮೂಗು ಚೂರು ಮೇಲೇಳುತ್ತದೆ. ಆಗ ಕೈಬ್ರೇಕು ಬಿಟ್ಟರೆ ಅದು ಹಿಂದೆ ಹೋಗಲಾರದು. ಮೊದಲು ಈ ಹಂತವನ್ನು ನಾನು ಕಣ್ಣಿನಿಂದ ಹುಡುಕುತ್ತಿದ್ದೆ. ಐದನೆಯ ದಿನದ ಹೊತ್ತಿಗೆ ಅಂಗಾಲು ಅದನ್ನು ಗುರುತಿಸತೊಡಗಿತು. ಎಂಟನೆಯ ದಿನ ನಿಜಕ್ಕೂ ಬೇಸರ ಬಂತು. ಹುಡುಗನಿಗಂತೂ ನನಗಿಂತ ಮೊದಲೇ ಬಂದಿತ್ತು.

ಉಸಿರಿನ ವಿಷಯವನ್ನೂ ಹೇಳಬೇಕು. ಎದೆ ಹೊಡೆದುಕೊಳ್ಳುವಾಗ ಉಸಿರನ್ನು ಒಳಗೆ ಎಳೆದುಕೊಳ್ಳುವುದಕ್ಕಿಂತ ಹೊರಗೆ ಬಿಡುವುದನ್ನು ದೀರ್ಘ ಮಾಡಬೇಕೆಂದು ಡಯಾಲಿಸಿಸ್ ಕೋಣೆಯ ದಾದಿಯೊಬ್ಬರು ಅಕ್ಕನಿಗೆ ಹೇಳುತ್ತಿದ್ದರು. ನಾನು ಅದಕ್ಕೆ ಭಾಮಿನಿಯ ನಡೆಯನ್ನು ಹೊಂದಿಸಿಕೊಂಡೆ: ಮೂರು ಮಾತ್ರೆ ಒಳಗೆ, ನಾಲ್ಕು ಮಾತ್ರೆ ಹೊರಗೆ. ಛಂದಸ್ಸು ಎಲ್ಲಿಯೂ ಉಪಯೋಗಕ್ಕೆ ಬಾರದೆಂದು ಗೊಣಗುವವರು ಇದನ್ನು ಗಮನಿಸಬೇಕು.

ಆದರೆ ಎಡಬಲದ ಗೊಂದಲಕ್ಕೆ ಛಂದಸ್ಸಿನಲ್ಲಿ ಮದ್ದಿರಲಿಲ್ಲ. ಅದನ್ನು ಬಿಡಿಸಿದವಳು ಅಕ್ಕ. ಶುಕ್ರವಾರ ಬಾಡಿಗೆ ಗಾಡಿಯಲ್ಲಿ ಹೋಗುವಾಗ ನಡೆದದ್ದನ್ನು ಹೇಳಿಕೊಂಡೆ. ಆಕೆ ಓದಿದ್ದು ನಾಲ್ಕನೆಯವರೆಗೆ. ನನ್ನನ್ನು ಮುಂದಿನ ಶಾಲೆಗೆ ಕಳುಹಿಸಬೇಕೆಂದು ಅಪ್ಪನೊಡನೆ ಜಗಳವಾಡಿದವಳೂ ಆಕೆಯೇ. ತುಸು ಹೊತ್ತು ಕಿಟಕಿಯಾಚೆ ನೋಡಿ ಹೇಳಿದಳು: “ನೀ ಗಾಡಿ ಹೊಡಿಯಾಕ ಕುಂತಾಗ ನಾ ಯಾ ಕಡಿ ಕುಂದರತೀನಿ? ಅದು ಡಾವೀ. ನಾ ಇಲ್ಲದ ಕಡಿ ಉಜವೀ. ಇದಕ್ಯಾಕ ಭಾಷಾ ಬೇಕು?” ಆಮೇಲೆ ನಕ್ಕು, “ಯಾಕ ಅಂಜತಿ? ಫೇಲ್ ಆದ್ರ ಮನಿಗೆ ಬರ್ತಿ, ಪಾಸ್ ಆದ್ರೂ ಮನಿಗೇ ಬರ್ತಿ. ನೀ ಗಾಡಿ ಹೊಡಿ, ನಾ ದೇವರ ನೆನಸ್ತೀನಿ” ಎಂದಳು.

ಹನ್ನೊಂದನೆಯ ದಿನ ನಸುಕಿನ ನಾಲ್ಕಕ್ಕೆ ಎಚ್ಚರವಾಯಿತು. ಅಂಜಿಕೆ ನನಗಿಂತ ಮೊದಲೇ ಎದ್ದು ಕುಳಿತಿತ್ತು. ಅದು ಹೋಗಿರಬೇಕೆಂದು ನಿರೀಕ್ಷಿಸಿದ್ದೇ ತಪ್ಪು ಎನಿಸಿತು. ಚಹಾ ಬೇಡವೆಂದು, ಕಡಕ್ ರೊಟ್ಟಿ ಮತ್ತು ಶೇಂಗಾ ಚಟ್ನಿ ಕಟ್ಟಿಕೊಂಡು ಹೊರಟೆ. ಸರದಿಯಲ್ಲಿ ನನ್ನ ಮುಂದಿದ್ದ ಹುಡುಗನಿಗೆ ಹದಿನೆಂಟು ತುಂಬಿ ತಿಂಗಳೂ ಆಗಿರಲಿಲ್ಲವಂತೆ. ಅವನ ಕೈಯಲ್ಲಿದ್ದ ಕಾಗದಗಳು ಗಾಳಿಯಿಲ್ಲದೆ ಅಲುಗುತ್ತಿದ್ದವು. ಅರ್ಧ ರೊಟ್ಟಿ ಮುರಿದು ಅವನಿಗೆ ಕೊಟ್ಟೆ. ಇಬ್ಬರೂ ಮಾತಿಲ್ಲದೆ ಕಟುಕುಟು ತಿಂದೆವು.

ಅದೇ ನಿರೀಕ್ಷಕರು ಬಂದು ಪಕ್ಕದಲ್ಲಿ ಕುಳಿತರು. ಮೊಳಕಾಲು ಅದುರುತ್ತಲೇ ಇತ್ತು. ಬೆಲ್ಟು ಹಾಕಿಕೊಂಡು ನಾನು ಮರಾಠಿಯಲ್ಲಿ, “ಸಾಹೇಬರೆ, ನನಗೆ ಗಾಬರಿಯಾದಾಗ ಎಡಬಲ ತಪ್ಪುತ್ತದೆ. ತಿರುವನ್ನು ಸ್ವಲ್ಪ ಮುಂಚೆ ಹೇಳಿದರೆ ಉಪಕಾರವಾಗುತ್ತದೆ” ಎಂದೆ. ಹೀಗೆ ಕೇಳಬಹುದೆಂಬುದೇ ಹಿಂದಿನ ಸಲ ನನಗೆ ಹೊಳೆದಿರಲಿಲ್ಲ. ಅವರು ಒಂದು ಕ್ಷಣ ನನ್ನನ್ನು ನೋಡಿ, “ಹೋ, ಸಾಂಗತೋ” ಎಂದರು. ಏರಿನ ಮೇಲೆ ಕೈಬ್ರೇಕು ಎಳೆದೆ. ಮೂರು ಮಾತ್ರೆ, ನಾಲ್ಕು ಮಾತ್ರೆ. ಮೂಗು ಮೇಲೆದ್ದಿತು, ಬಿಟ್ಟೆ, ಕಾರು ಹೊರಟಿತು. “ಉಜವೀಕಡೆ” ಎಂದರು. ಅಕ್ಕ ಇಲ್ಲದ ಕಡೆ ತಿರುಗಿಸಿದೆ. ಹಿಂದಕ್ಕೆ ನಡೆಸುವಾಗ ಒಮ್ಮೆ ಓರೆಯಾಗಿ, ನಿಲ್ಲಿಸಿ, ನೇರ ಮಾಡಿಕೊಳ್ಳಬೇಕಾಯಿತು; ಎಂಟರ ಕೊನೆಯ ತಿರುವಿನಲ್ಲಿ ಮುಂದಿನ ಗಾಲಿ ಗೆರೆಯಿಂದ ಗೇಣು ದೂರದಲ್ಲಿತ್ತು. “ಝಾಲಂ, ಮ್ಯಾಡಮ್” ಎಂದು ಅವರು ಇಳಿದುಹೋದ ಮೇಲೂ ನಾನು ಸ್ಟಿಯರಿಂಗ್ ಹಿಡಿದೇ ಕುಳಿತಿದ್ದೆ. ಕಲಿಸಿದ ಹುಡುಗ ಬಂದು ಗಾಜು ತಟ್ಟಿ, “ಬಾಯಿ, ಖಾಲೀ ಉತರಾ” ಎಂದಾಗ ಇಳಿದೆ.

ಪರವಾನಗಿಯ ಕಾರ್ಡು ಅಂಚೆಯಲ್ಲಿ ಮನೆಗೆ ಬಂತು. ಮುಂದಿನ ಮಂಗಳವಾರ ಭಾವನವರ ಹಳೆಯ ಕಾರನ್ನು ಹೊರತೆಗೆದೆ. ಹೋಗುವಾಗ ಕುಂಭಾರಿಯ ಹತ್ತಿರ ರಸ್ತೆಯ ಉಬ್ಬಿನ ಮೇಲೆ ಒಮ್ಮೆ ಇಂಜಿನ್ ನಿಂತಿತು. ಹಿಂದಿದ್ದ ಕಬ್ಬಿನ ಟ್ರ್ಯಾಕ್ಟರಿನವನು ಹಾರ್ನ್ ಹೊಡೆದ. ಅಕ್ಕ ಹಿಂದಿರುಗಿ ಅವನನ್ನು ನೋಡಿದ ರೀತಿಗೆ ಅವನು ಸುಮ್ಮನಾದ. ಸಂಜೆ ಮರಳುವಾಗ ಆಕೆ ಸೀಟನ್ನು ಹಿಂದಕ್ಕೆ ಬಾಗಿಸಿಕೊಂಡು, ಸೂಜಿ ಚುಚ್ಚಿದ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಒರಗಿದಳು. ದೇವರನ್ನು ನೆನೆಯುವ ಮಾತಾಗಿತ್ತಲ್ಲ, ಅದು ನಡೆಯಲಿಲ್ಲ. ವಳಸಂಗ ಬರುವ ಮೊದಲೇ ಆಕೆಗೆ ನಿದ್ದೆ ಹತ್ತಿತ್ತು.