ಗೆದ್ದ ಕುದುರೆಯ ಮಗ ಗೆಲ್ತಾನೇನು?

1/6

ಹೋದ ಸರಣಿಯಲ್ಲಿ ಧಾರವಾಡಿ ಎಮ್ಮೆ ಆತು, ಈ ಸಲ ರೇಸ್ ಕುದುರೆ. ಅಳ್ನಾವರದ ಹುಡುಗಗ ರೇಸ್ ಕುದುರೆ ಯಾಕಪಾ ಅಂತ ಈಗಲೇ ಕೇಳಬ್ಯಾಡ್ರಿ. ನಾಲ್ಕನೇ ಪೋಸ್ಟಿಗೆ ನಮ್ಮ ಊರಿಗೇ ಬಂದು ಮುಟ್ಟತೇನಿ.

1978, ಅಮೆರಿಕ. ಮೂರು ವರ್ಷದ ಕುದುರೆಗಳಿಗೆ ಅಲ್ಲಿ ಮೂರು ದೊಡ್ಡ ರೇಸ್: ಕೆಂಟಕಿ ಡರ್ಬಿ, ಪ್ರೀಕ್ನೆಸ್, ಬೆಲ್ಮಾಂಟ್. ಮೂರನ್ನೂ ಗೆದ್ದರೆ ಟ್ರಿಪಲ್ ಕ್ರೌನ್. ಆ ವರ್ಷ ಅಫರ್ಮ್ಡ್ ಅನ್ನೋ ಕುದುರೆ ಮೂರನ್ನೂ ಗೆದ್ದಿತು. ಮೂರರಲ್ಲೂ ಎರಡನೇ ಸ್ಥಾನಕ್ಕೆ ಬಂದದ್ದು ಒಂದೇ ಕುದುರೆ, ಆಲಿಡಾರ್. ಬೆಲ್ಮಾಂಟಿನಲ್ಲಂತೂ ಎರಡರ ನಡುವಿನ ಅಂತರ ಒಂದು ಕುದುರೆ ತಲೆಯಷ್ಟು.

ಎರಡೂ ಓಟ ಬಿಟ್ಟವು, ಸ್ಟಡ್‌ಗೆ ಹೋದವು. ನಿಮ್ಮ ಹತ್ರ ಒಂದು ಒಳ್ಳೇ ಹೆಣ್ಣು ಕುದುರೆ ಐತಿ ಅಂತ ತಿಳೀರಿ. ಯಾವುದರ ಹತ್ರ ಒಯ್ತೀರಿ?

ನಾನಾದ್ರ ಕಣ್ಣು ಮುಚ್ಚಿ ಅಫರ್ಮ್ಡ್ ಅಂತಿದ್ದೆ. ಆದರೆ 1987ರಲ್ಲಿ ಕೆಂಟಕಿ ಡರ್ಬಿ ಗೆದ್ದ ಅಲಿಶೀಬಾ ಆಲಿಡಾರನ ಮಗ. 1991ರಲ್ಲಿ ಅದೇ ಡರ್ಬಿ ಗೆದ್ದ ಸ್ಟ್ರೈಕ್ ದ ಗೋಲ್ಡ್ ಕೂಡ ಆಲಿಡಾರನ ಮಗ. 1989ರ ಬೆಲ್ಮಾಂಟ್ ಗೆದ್ದ ಈಸಿ ಗೋಯರ್, ಅದೂ ಅವನದೇ. ಅಫರ್ಮ್ಡ್ ಕೆಟ್ಟ ತಂದೆ ಏನಲ್ಲ, ಒಳ್ಳೊಳ್ಳೆ ಮಕ್ಕಳನ್ನು ಕೊಟ್ಟಿತು. ಆದರೆ ಅದರ ಒಂದು ಮಗನೂ ಅಪ್ಪನ ಆ ಡರ್ಬಿ ಗೆಲ್ಲಲಿಲ್ಲ.

2/6

ಈ ಧಂಧೆ ಹೆಂಗ ನಡೀತೈತಿ ಅಂತ ಸ್ವಲ್ಪ ಹೇಳ್ತೇನಿ, ಇಲ್ಲಾಂದ್ರ ಮುಂದಿನದು ತಿಳಿಯೂದಿಲ್ಲ.

ದೊಡ್ಡ ಗಂಡು ಕುದುರೆ ಓಡೋದು ಎರಡು-ಮೂರು ವರ್ಷ. ಬೀಜದ ಕುದುರೆಯಾಗಿ ನಿಲ್ಲೋದು ಇಪ್ಪತ್ತು ವಯಸ್ಸು ದಾಟುವ ತನಕ. ಹಿಂಗಾಗಿ ನಿಜವಾದ ರೊಕ್ಕ ಟ್ರ್ಯಾಕಿನಲ್ಲಿ ಇಲ್ಲ, ಲಾಯದಲ್ಲಿ ಐತಿ. ಮತ್ತೆ ನಮ್ಮ ಆಕಳು-ಎಮ್ಮೆಗೆ ಡಾಕ್ಟರು ಬಂದು ಇಂಜೆಕ್ಷನ್ ಮಾಡಿ ಹೋದ ಹಂಗ ಇಲ್ಲಿ ಆಗೂದಿಲ್ಲ. ಥರೋಬ್ರೆಡ್ ಕುದುರೆಗೆ ಕೃತಕ ಗರ್ಭಧಾರಣೆ ನಿಷೇಧ. ಮಾಡಿದರೆ ಮರಿಯ ಹೆಸರು ಸ್ಟಡ್ ಬುಕ್‌ನಲ್ಲಿ ಸೇರಲ್ಲ, ಹೆಸರು ಸೇರದಿದ್ದರೆ ರೇಸಿನಲ್ಲಿ ಓಡಂಗಿಲ್ಲ. ಹೆಣ್ಣು ಕುದುರೆಯನ್ನೇ ಗಂಡಿನ ಹತ್ರ ಒಯ್ಯಬೇಕು, ಫೀ ಕೊಡಬೇಕು, ಹನ್ನೊಂದು ತಿಂಗಳು ಕಾಯಬೇಕು. ಹುಟ್ಟಿದ ಮರಿ ಎರಡು ವರ್ಷದ್ದಾದ ಮೇಲೆ ಓಟ.

ಫ್ರಾಂಕೆಲ್ ಲೆಕ್ಕ ನೋಡ್ರಿ. 14 ರೇಸ್ ಓಡಿ 14 ಗೆದ್ದು 2012ರಲ್ಲಿ ನಿವೃತ್ತಿ. 2013ರಲ್ಲಿ ಸ್ಟಡ್, 2014ರಲ್ಲಿ ಮೊದಲ ಮರಿಗಳು, 2016ರಲ್ಲಿ ಅವುಗಳ ಮೊದಲ ಓಟ. ಅಂದ್ರ ನಾಲ್ಕು ವರ್ಷ ಯಾರಿಗೂ ಏನೂ ಗೊತ್ತಿಲ್ಲ, ಆದರೂ ಮೊದಲ ದಿನದಿಂದಲೇ ಫೀ 1,25,000 ಪೌಂಡ್! ಅದು ಬೀಜದ ರೇಟಲ್ಲ, ಆಸೆಯ ರೇಟು. ಫ್ರಾಂಕೆಲ್ ಆಸೆ ಉಳಿಸಿಕೊಂಡಿತು, 2024ಕ್ಕೆ ಅದರ ಫೀ 3,50,000 ಪೌಂಡ್ ಮುಟ್ಟಿತ್ತು.

ಎಲ್ಲಾರೂ ಉಳಿಸಿಕೊಳ್ಳಲ್ಲ. 2000ದ ಕೆಂಟಕಿ ಡರ್ಬಿ ಗೆದ್ದ ಫ್ಯುಸಾಯಿಚಿ ಪೆಗಾಸಸ್ ಸ್ಟಡ್‌ಗೆ ಮಾರಾಟವಾದದ್ದು ಸುಮಾರು ಆರು ಕೋಟಿ ಡಾಲರ್‌ಗೆ ಅಂತ ಆಗ ದೊಡ್ಡ ಸುದ್ದಿ. ಒಂದೂವರೆ ಲಕ್ಷ ಡಾಲರ್‌ನಿಂದ ಶುರುವಾದ ಅದರ ಫೀ ಕಡೀಕ ಹತ್ತು ಸಾವಿರಕ್ಕೂ ಕೆಳಗೆ ಇಳೀತು. ಸಿಗಾರ್ ಕಥೆ ಇನ್ನೂ ವಿಚಿತ್ರ. ಸಾಲಾಗಿ 16 ರೇಸ್ ಗೆದ್ದ ಕುದುರೆ, ಸ್ಟಡ್‌ಗೆ ಹೋದ ಮೇಲೆ ಒಂದು ಹೆಣ್ಣು ಕುದುರೆನೂ ಗಬ್ಬ ಆಗಲಿಲ್ಲ. ಬಂಜೆ! ಇನ್ಶೂರೆನ್ಸ್ ಕಂಪನಿ ಎರಡೂವರೆ ಕೋಟಿ ಡಾಲರ್ ತೆತ್ತಿತು. ಸಿಗಾರ್ ಪಾಡಿಗೆ ಸಿಗಾರ್ ಕೆಂಟಕಿಯ ಹಾರ್ಸ್ ಪಾರ್ಕಿನಲ್ಲಿ ಜನರನ್ನು ನೋಡ್ಕೊಂತ 2014ರ ತನಕ ಆರಾಮ ಇತ್ತು. (ನನಗ ಈ ಕುದುರೆ ಮ್ಯಾಲ ಭಾಳ ಪ್ರೀತಿ.)

3/6

ನಮ್ಮ ಕರ್ನಾಟಕಕ್ಕ ಬರ್ರಿ.

ಬೆಂಗಳೂರಿನಿಂದ ಹಾಸನದ ಬಸ್ ಹತ್ತಿದವರು ಕುಣಿಗಲ್ ದಾಟೇ ದಾಟಿರ್ತೀರಿ. ಕುಣಿಗಲ್ ಕೆರೆ ಜನಪದ ಹಾಡಿನಿಂದ ಎಲ್ಲರಿಗೂ ಗೊತ್ತು. ಅಲ್ಲಿಯ ಕುದುರೆ ಫಾರ್ಮು ನಮ್ಮ ಕ್ಲಾಸಿನವರಲ್ಲೇ ಅರ್ಧ ಮಂದಿಗೆ ಗೊತ್ತಿರಲಿಲ್ಲ. ಟಿಪ್ಪು ಸುಲ್ತಾನನ ಕಾಲದಿಂದ ಸೈನ್ಯಕ್ಕ ಕುದುರೆ ಬೆಳೆಸಿದ ಜಾಗ ಅದು, 400 ಎಕರೆಗೂ ಮೇಲೆ. ಬ್ರಿಟಿಷರು ಬಂದರು, ಹೋದರು, ಕುದುರೆ ಅಲ್ಲೇ ಉಳಿದವು. 1992ರಲ್ಲಿ ಸರ್ಕಾರ ಅದನ್ನು ಯುಬಿ ಗ್ರೂಪಿನವರಿಗೆ ಲೀಸಿಗೆ ಕೊಟ್ಟಿತು. ದಂಡಿನ ಕುದುರೆ ಹುಟ್ಟಿದ ನೆಲದಾಗ ರೇಸಿನ ಕುದುರೆ.

ಆದರೆ ಒಂದು ಮಾತು ನಿಮಗೆ ವಿಚಿತ್ರ ಅನ್ನಿಸಬಹುದು. ನಮ್ಮ ದೇಶದಲ್ಲಿ ಡರ್ಬಿ ಗೆದ್ದ ಗಂಡು ಕುದುರೆಗೆ ಸ್ಟಡ್‌ನಲ್ಲಿ ಸಿಗೋ ಅವಕಾಶ ಭಾಳ ಕಮ್ಮಿ. ಗೆದ್ದ ಹೆಣ್ಣು ಕುದುರೆ ತಾಯಿಯಾಗಿ ಫಾರ್ಮಿಗೆ ವಾಪಸ್ ಬರ್ತೈತಿ. ಗಂಡು ಮಾತ್ರ ಹೊರದೇಶದಿಂದ ತಂದದ್ದೇ ಬೇಕು. ಹಂಗ ತಂದ ಕುದುರೆಗಳಲ್ಲಿ ರಜೀನ್ ದೊಡ್ಡ ಹೆಸರು, ಉತ್ತರದ ಉಷಾ ಸ್ಟಡ್‌ನಲ್ಲಿ ಇತ್ತು. ಅದರ ಓಟದ ದಾಖಲೆ? 1990ರಲ್ಲಿ ಇಂಗ್ಲೆಂಡಿನ ಎಪ್ಸಮ್ ಡರ್ಬಿಗೆ ಫೇವರಿಟ್ ಆಗಿ ಇಳಿದು, ಎಲ್ಲೋ ಹಿಂದೆ ಉಳೀತು. ಆದರೆ ಅಪ್ಪ ನಾರ್ದರ್ನ್ ಡ್ಯಾನ್ಸರ್. ಆ ಸೋತ ಕುದುರೆ ಇಲ್ಲಿಗೆ ಬಂದು ಹಲವು ಸಲ ದೇಶದ ಚಾಂಪಿಯನ್ ಸೈರ್ ಆತು.

ಹಂಗಂತ ನಮ್ಮ ಗೆದ್ದ ಕುದುರೆಗಳ ಬೀಜ ಕೆಟ್ಟದ್ದು ಅನ್ನಾಕ ಬರೂದಿಲ್ಲ. ಒಳ್ಳೇ ಹೆಣ್ಣು ಕುದುರೆಗಳನ್ನೆಲ್ಲ ಫಾರಿನ್ ಗಂಡಿಗೆ ಕೊಟ್ಟು, ಉಳಿದ ನಾಲ್ಕನ್ನು ದೇಸಿ ಚಾಂಪಿಯನ್‌ಗೆ ಕೊಟ್ಟು, ಆಮೇಲೆ “ನೋಡ್ರಿ, ಇದರ ಮಕ್ಕಳು ಓಡಲ್ಲ” ಅಂದರೆ ಅದು ಪರೀಕ್ಷೆ ಅಲ್ಲ. ಸಂಡೇ ಸೈಲೆನ್ಸ್ ಗೊತ್ತೇನು? 1989ರ ಕೆಂಟಕಿ ಡರ್ಬಿಯಲ್ಲಿ ಆಲಿಡಾರನ ಮಗ ಈಸಿ ಗೋಯರ್‌ನನ್ನು ಸೋಲಿಸಿದ ಕುದುರೆ. ಅಮೆರಿಕದ ತಳಿಗಾರರು ಅದರ ಮನೆತನ ನೋಡಿ ಮೂಗು ಮುರಿದರು, ಜಪಾನಿನವರು ಕೊಂಡು ಒಯ್ದರು. ಅಲ್ಲಿ ಒಳ್ಳೇ ಹೆಣ್ಣು ಕುದುರೆ ಸಿಕ್ಕವು. 1995ರಿಂದ 2007ರ ತನಕ, ಸಾಲಾಗಿ 13 ವರ್ಷ, ಜಪಾನಿನ ಲೀಡಿಂಗ್ ಸೈರ್ ಅದೇ. 2002ರಲ್ಲಿ ಸತ್ತಿತ್ತು, ಆಮೇಲೂ ಅದರ ಮಕ್ಕಳು ಗೆಲ್ತಾನೇ ಇದ್ದವು.

4/6

ಈಗ ಅಳ್ನಾವರ.

ನಮ್ಮ ಕಡೆ ಖಾಲಿ ಗಾಡಾ ಶರ್ಯತ್ತು ಗೊತ್ತಿಲ್ಲದವರಿಲ್ಲ. ನಮ್ಮ ಕಾಕಾಗ ಅದರ ಹುಚ್ಚು. ಹೋದ ತಿಂಗಳು ಫೋನ್ ಮಾಡಿದ. “ತಮ್ಮಾ, ಒಂದು ಹೋರಿ ಕರ ನೋಡೇನಿ. ಅದರಪ್ಪ ಐದು ಜಾತ್ರ್ಯಾಗ ಫಸ್ಟ್ ಬಂದದ್ದು. ಎರಡೂವರಿ ಲಕ್ಷ ಹೇಳ್ಯಾರ. ಎರಡು ಎಮ್ಮಿ ಮಾರಿ, ಉಳದದ್ದು ಸೊಸೈಟ್ಯಾಗ ತಗೀತೇನಿ. ನೀ ಡಾಕ್ಟರ್ಕಿ ಓದಾಕತ್ತಿಯಲ್ಲ, ಹೇಳು, ತರ್ಲೇನು?”

ಆ ಎರಡು ಎಮ್ಮೆ ಹಾಲಿನ ರೊಕ್ಕದಲ್ಲೇ ನನ್ನ ಹಾಸ್ಟೆಲ್ ಮೆಸ್ ಬಿಲ್ ಹೋಗ್ತೈತಿ, ತಂಗಿಯ ಬಸ್ ಪಾಸೂ ಅದರಾಗ. ಹಿಂಗಾಗಿ ನಾನು ಕೊಡೋ ಸಲಹೆಯಲ್ಲಿ ನನ್ನ ಸ್ವಾರ್ಥವೂ ಐತಿ, ಮುಚ್ಚಿಡೂದಿಲ್ಲ.

ಕುದುರೆ ಕಥೆ ಎಲ್ಲಾ ಹೇಳಿದೆ. ಕಾಕಾ ಸುಮ್ಮನೆ ಕೇಳಿ ಕಡೀಕ ಅಂದ: “ಹಂಗಂದ್ರ ಗೆದ್ದದ್ದರ ಮಗನ್ನ ಬಿಟ್ಟು ಸೋತದ್ದರ ಮಗನ್ನ ತರ್ಲೇನು?”

5/6

ಭಾರೀ ಪ್ರಶ್ನೆ. ನಮ್ಮ ಜೆನೆಟಿಕ್ಸ್ ಕ್ಲಾಸಿನಲ್ಲೂ ಯಾರೂ ಇಷ್ಟು ನೇರ ಕೇಳಿರಲಿಲ್ಲ.

ಉತ್ತರ: ಅಲ್ಲ. ಗೆದ್ದದ್ದರ ಮಕ್ಕಳು ಸರಾಸರಿ ಲೆಕ್ಕದಲ್ಲಿ ಉಳಿದವಕ್ಕಿಂತ ಚಲೋನೇ ಇರ್ತಾವ. ಆದರೆ ಸರಾಸರಿ ಲೆಕ್ಕದಲ್ಲೇ ಅಪ್ಪನಿಗಿಂತ ಕೆಳಗೆ ಇರ್ತಾವ. ಅಪ್ಪ ಗೆದ್ದದ್ದು ಬರೀ ರಕ್ತದಿಂದ ಅಲ್ಲವಲ್ಲ. ತಿನ್ನಿಸಿದ ಹುರುಳಿ, ತಾಲೀಮು, ಹೊಡೆಯುವವನ ಕೈ, ಆ ದಿನದ ನೆಲ, ಜೋಡಿ ಹೋರಿ, ಎಲ್ಲಾ ಸೇರಿ ಗೆದ್ದದ್ದು. ಮಗನಿಗೆ ಬರೋದು ರಕ್ತ ಮಾತ್ರ, ಅದೂ ಅರ್ಧ. ಎಡಿನ್‌ಬರಾ ವಿಶ್ವವಿದ್ಯಾಲಯದ ವಿಲ್ಸನ್ ಮತ್ತು ರಂಬೋ 2008ರಲ್ಲಿ ರೇಸ್ ಕುದುರೆಗಳ ಜೀವಮಾನದ ಗಳಿಕೆ ಅಳೆದು ನೋಡಿದರು. ಕುದುರೆ ಕುದುರೆ ನಡುವಿನ ವ್ಯತ್ಯಾಸದಲ್ಲಿ ವಂಶವಾಹಿಯ ಪಾಲು ಬರೀ 10% ಆಸುಪಾಸು. ಅಪ್ಪನ ಫೀ ಜಾಸ್ತಿ ಇದ್ದರೆ ಬೀಜ ಅಷ್ಟೇ ಚಲೋ ಅನ್ನೋದಕ್ಕೂ ಆಧಾರ ಸಿಗಲಿಲ್ಲ.

ತಳಿ ಮೌಲ್ಯ ಅಂದರೆ ಇದೇ: ಪ್ರಾಣಿ ತಾನು ಏನು ಮಾಡಿತು ಅಂತ ಅಲ್ಲ, ಮಕ್ಕಳಿಗೆ ಏನು ದಾಟಿಸಿತು ಅಂತ. ಅದಕ್ಕೇ ಡೈರಿಯವರು ಹೋರಿಯನ್ನು ಅದರ ಮೈಕಟ್ಟಿನಿಂದ ಅಳೆಯಲ್ಲ, ಅದರ ಹೆಣ್ಣುಮಕ್ಕಳ ಹಾಲಿನಿಂದ ಅಳೀತಾರ.

ಇನ್ನರ್ಧ ರಕ್ತ ತಾಯಿದು, ಅದನ್ನು ಯಾರೂ ಕೇಳೋದೇ ಇಲ್ಲ. ಸೆಕ್ರೆಟೇರಿಯಟ್ 1973ರ ಬೆಲ್ಮಾಂಟನ್ನು 31 ಕುದುರೆ ಉದ್ದದ ಅಂತರದಲ್ಲಿ ಗೆದ್ದಿತು, ಆ ಟೈಮು ಇನ್ನೂ ಯಾರೂ ಮುರಿದಿಲ್ಲ. ಗಂಡುಮಕ್ಕಳು ಅಪ್ಪನ ಹತ್ತಿರಕ್ಕೂ ಬರಲಿಲ್ಲ, ಜನ “ಸ್ಟಡ್‌ನಲ್ಲಿ ಫೇಲ್” ಅಂದುಬಿಟ್ಟರು. ಆಮೇಲೆ ನೋಡಿದರೆ ಹೆಣ್ಣುಮಕ್ಕಳ ಹೊಟ್ಟೆಯಲ್ಲಿ ಸ್ಟಾರ್ಮ್ ಕ್ಯಾಟ್, ಎ.ಪಿ. ಇಂಡಿ! ಎರಡೂ ಅಮೆರಿಕದ ಬಹುದೊಡ್ಡ ಬೀಜದ ಕುದುರೆಗಳು.

6/6

ಹಿಂಗಾಗಿ ಕಾಕಾಗ ತರಬ್ಯಾಡ ಅನ್ನಲಿಲ್ಲ. ಎರಡೂವರೆ ಲಕ್ಷ ಅಂದರೆ ಅಪ್ಪನ ಐದೂ ಜಾತ್ರೆಯನ್ನು ಕರುವಿನ ಹೆಸರಿಗೆ ಬರೆದು ಹಾಕಿದ ರೇಟು ಅಂದೆ. ಹೋಗಿ ಕೇಳಿ ಬಾ ಅಂತ ಮೂರು ಮಾತು ಹೇಳಿ ಕಳಿಸಿದೆ: ತಾಯಿ ಎಲ್ಲಿ? ಆ ಹೋರಿಗೆ ಹುಟ್ಟಿದ ಕರ ಒಟ್ಟು ಎಷ್ಟು? ಅವುಗಳಲ್ಲಿ ಓಡಿದ್ದೆಷ್ಟು, ಗೆದ್ದದ್ದೆಷ್ಟು?

ಕಾಕಾ ಹೋಗಿ ಬಂದ. ತಾಯಿಯನ್ನು ಮಾರಿ ಎರಡು ವರ್ಷ ಆತಂತ, ಯಾರಿಗೆ ಅಂತ ನೆನಪಿಲ್ಲಂತ. ಗೆದ್ದ ಒಂದು ಮಗನ ವಿಡಿಯೋ ತೋರಿಸಿದರು. ಉಳಿದವು ಎಲ್ಲಿ ಅಂದ್ರ “ಅದಾವ ಅದಾವ, ಆ ಕಡೆ ಹಳ್ಳ್ಯಾಗ.” ಕುದುರೆಗಾದರೆ ಪುಣೆಯಲ್ಲಿ ಸ್ಟಡ್ ಬುಕ್ ಐತಿ, ಡಿಎನ್‌ಎ ಪರೀಕ್ಷೆ ಐತಿ, ಸೋತ ಮಕ್ಕಳ ಹೆಸರೂ ಅದರಾಗ ಇರ್ತಾವ. ನಮ್ಮ ಖಿಲಾರಿ ಹೋರಿಗೆ ಇರೋದು ರೀಲ್ಸ್ ಒಂದೇ. ರೀಲ್ಸಿನಲ್ಲಿ ಸೋತದ್ದು ಯಾರು ಹಾಕ್ತಾರ?

ಕಾಕಾ ಇನ್ನೂ ಒಪ್ಪಿಲ್ಲ. “ನಿನ್ನ ಪುಸ್ತಕ ನಿನ್ನ ಹತ್ರ ಇರಲಿ, ಕರದ ಕಣ್ಣಾಗ ಒಂದು ಬೆಂಕಿ ಐತಿ” ಅಂತಾನ. ಕಣ್ಣಿನ ಬೆಂಕಿ ನಾನೂ ನೋಡೇನಿ, ಸುಳ್ಳಲ್ಲ. ಅಮಾವಾಸ್ಯೆ ಮುಗಿಯೋ ತನಕ ಎಮ್ಮೆ ಮಾರಲ್ಲ ಅಂತ ಅವ್ವ ಮಾತು ತಗೊಂಡಾಳ.

ಅಷ್ಟರೊಳಗ ನಿಮ್ಮಿಂದ ಒಂದು ಸಹಾಯ ಬೇಕು. ಖಾನಾಪುರ, ಕಿತ್ತೂರ, ಹಳಿಯಾಳ, ಕಲಘಟಗಿ ಕಡೆಯವರು, ಮೊದಲನೇ ಫೋಟೋದಾಗಿನ ಹೋರಿ ನೋಡ್ರಿ: ಬಲಗಿವಿಯಾಗ ಸೀಳು, ಹಣಿ ಮ್ಯಾಲ ಸುಳಿ. ಇದಕ್ಕ ಹುಟ್ಟಿದ ಕರ ನಿಮ್ಮ ಊರಾಗ ಇದ್ದರ ಮೆಸೇಜ್ ಮಾಡ್ರಿ. ಗೆದ್ದದ್ದು ಬ್ಯಾಡ, ಅದರ ವಿಡಿಯೋ ನಮ್ಮ ಹತ್ರ ಐತಿ. ಓಡದೇ ಇದ್ದದ್ದು, ಹೊಲದಾಗ ಹೂಡಾಕ ಹಚ್ಚಿದ್ದು, ಮಾರಿದ್ದು, ಅವುಗಳ ಸುದ್ದಿ ಬೇಕು.

#ಅಳ್ನಾವರ #ಬೀಜದಕುದುರೆ #ಖಿಲಾರಿ #ಖಾಲಿಗಾಡಾ