ಚಿಕ್ಕಮ್ಮನ ಕಣ್ಣಿಗೆ ಗೆರೆ ಸೊಟ್ಟಗಾದ ವರ್ಷ

ನಮ್ಮ ಚಿಕ್ಕಮ್ಮನ ಹೊಲಿಗೆ ಮಷಿನ್ ಇದ್ದದ್ದು ಆರ್.ಟಿ. ನಗರದ ದಿಣ್ಣೂರು ಮುಖ್ಯರಸ್ತೆಗೆ ಸೇರುವ ಒಂದು ಅಡ್ಡರಸ್ತೆಯಲ್ಲಿ, ಮನೆಯ ಮುಂದಿನ ಕೋಣೆಯಲ್ಲೇ. ಗಂಗಾನಗರದಿಂದ, ಸುಲ್ತಾನ್‌ಪಾಳ್ಯದಿಂದ ಹೆಂಗಸರು ಅಳತೆ ಬ್ಲೌಸ್ ಹಿಡಿದುಕೊಂಡು ಅಲ್ಲಿಗೇ ಬರುತ್ತಿದ್ದರು. ಆಗ ಆಷಾಢ. ಮದುವೆಗಳಿಲ್ಲ, ಕೆಲಸವೂ ಕಡಿಮೆ. ಒಂದು ಸಂಜೆ ನನ್ನನ್ನು ಕರೆದು ಬಟ್ಟೆ ಮುಂದಿಟ್ಟರು.

“ಚಾಕಿನಲ್ಲಿ ಎಳೆದ ಗೆರೆ ಮಧ್ಯದಲ್ಲಿ ಸೊಟ್ಟ ಕಾಣ್ತಿದೆ ಕಣೋ. ನೀನು ನೋಡು, ನಾನು ಎಳೆದದ್ದೇ ಸೊಟ್ಟವೋ?”

ಸ್ಕೇಲ್ ಇಟ್ಟು ನೋಡಿದೆ. ಗೆರೆ ನೇರವಾಗಿಯೇ ಇತ್ತು. ಒಂದೊಂದೇ ಕಣ್ಣು ಮುಚ್ಚಿ ನೋಡಿ ಅಂದೆ. ಬಲಗಣ್ಣಿಗೆ ನೇರ, ಎಡಗಣ್ಣಿಗೆ ಸೊಟ್ಟ. ಎಡಗಣ್ಣಿನ ಮುಂದೆ ಕಪ್ಪು ಚುಕ್ಕೆಗಳು ತೇಲಾಡುತ್ತವೆ ಅಂತಲೂ ಆಗಲೇ ಹೇಳಿದರು. ಕಣ್ಣು ಕೆಂಪಾಗಿರಲಿಲ್ಲ, ನೋವಿರಲಿಲ್ಲ, ಕೀವಿರಲಿಲ್ಲ. ವಯಸ್ಸು ನಲವತ್ತು ದಾಟಿದ್ದರಿಂದ ಎಲ್ಲರೂ “ಚಾಳೀಸು ಬಂದಿದೆ” ಅಂದರು. ಒಂದು ಕನ್ನಡಕದ ಅಂಗಡಿಯವರು ಹೊಸ ಕನ್ನಡಕವನ್ನೂ ಕೊಟ್ಟರು. ಗೆರೆ ಮಾತ್ರ ನೇರವಾಗಲಿಲ್ಲ.

ಕೊನೆಗೆ ಶಿವಾಜಿನಗರಕ್ಕೆ ಹೋಗಿ, ಅಲ್ಲಿಂದ ಮಾರ್ಕೆಟ್ ಬಸ್ಸು ಹಿಡಿದು ಮಿಂಟೋ ಆಸ್ಪತ್ರೆಗೆ ಹೋದೆವು. 1896ರಲ್ಲಿ ಸಣ್ಣದಾಗಿ ಶುರುವಾಗಿ, 1913ರಿಂದ ಮಿಂಟೋ ಹೆಸರಿನಲ್ಲಿ ನಡೆಯುತ್ತಿರುವ ಆಸ್ಪತ್ರೆ ಅದು. ಎಲ್ಲೆಲ್ಲಿಂದಲೋ ಬಂದು ಕಣ್ಣಿಗೆ ಕೈ ಅಡ್ಡ ಹಿಡಿದು ಕೂತವರನ್ನು ಅಲ್ಲಿ ನೋಡಿದಾಗ, ಈ ಊರಿಗೆ ಅದು ಎಷ್ಟು ದೊಡ್ಡ ಆಸರೆ ಅನ್ನುವುದು ನನಗೆ ಅರ್ಥವಾಯಿತು.

ಪಾಪೆ ಹಿಗ್ಗಿಸುವ ಹನಿ ಹಾಕಿ ಕೂರಿಸಿದರು. ಆಮೇಲೆ ಓಸಿಟಿ ಸ್ಕ್ಯಾನ್. ಸೂಜಿಯಿಲ್ಲ, ಎಕ್ಸ್‌ರೇ ಇಲ್ಲ; ಬರೀ ಬೆಳಕು ಬಿಟ್ಟು ಅಕ್ಷಿಪಟದ ಪದರಗಳ ಚಿತ್ರ ತೆಗೆಯುವ ವಿಧಾನ. ಇದು ಲೋಕಕ್ಕೆ ತಿಳಿದದ್ದೇ 1991ರಲ್ಲಿ. ವೈದ್ಯೆ ಪರದೆಯ ಮೇಲೆ ತೋರಿಸಿದರು: ಅಕ್ಷಿಪಟದ ನಟ್ಟನಡುವೆ, ಓದಲು, ದಾರ ಪೋಣಿಸಲು ಬೇಕಾದ ಮ್ಯಾಕ್ಯುಲಾ ಅನ್ನುವ ಜಾಗದಲ್ಲಿ, ತಗ್ಗು ಇರಬೇಕಾದ ಕಡೆ ದಿಬ್ಬವೆದ್ದಿತ್ತು. ಒಳಗೆ ನೀರು ತುಂಬಿದ ಕಪ್ಪು ಗೂಡುಗಳು. ಚಿಕ್ಕಮ್ಮನ ಕಣ್ಣಿನೊಳಗೆ ಉರಿಯೂತವಿತ್ತು; ಅದಕ್ಕೆ ಯುವಿಯೈಟಿಸ್ ಅನ್ನುತ್ತಾರೆ. ಅದರಿಂದ ಸಣ್ಣ ರಕ್ತನಾಳಗಳ ಗೋಡೆ ಸಡಿಲವಾಗಿ, ಒಸರಿದ ನೀರು ಇಲ್ಲಿ ಬಂದು ನಿಲ್ಲುತ್ತದೆ. ಸಾಮಾನ್ಯವಾಗಿ 250ರಿಂದ 300 ಮೈಕ್ರಾನ್ ಇರಬೇಕಾದ ದಪ್ಪ ಚಿಕ್ಕಮ್ಮನಿಗೆ 500 ದಾಟಿತ್ತು. ಸಾವಿರ ಮೈಕ್ರಾನ್ ಸೇರಿದರೆ ಒಂದು ಮಿಲಿಮೀಟರು.

“ಕಾಲಿಂಚು ತಪ್ಪಿದರೆ ಬ್ಲೌಸ್ ಕೆಡುತ್ತೆ ಅಂತ ಗೊತ್ತಿತ್ತು ಡಾಕ್ಟ್ರೇ,” ಅಂದರು ಚಿಕ್ಕಮ್ಮ, “ಕಾಲು ಮಿಲಿಮೀಟರಿಗೆ ಕಣ್ಣೇ ಕೆಡುತ್ತಾ?”

ಸ್ಟೀರಾಯ್ಡ್ ಕೊಟ್ಟರೆ ಊತ ಇಳಿಯುತ್ತದೆ ಅಂದರೂ ವೈದ್ಯೆ ಅಂದೇ ಕೊಡಲಿಲ್ಲ. ನನಗೆ ಆತುರ, ಅವರು ಅಷ್ಟೇ ಶಾಂತವಾಗಿದ್ದರು. ನಮ್ಮ ದೇಶದಲ್ಲಿ ಕ್ಷಯ ಕಣ್ಣಿಗೂ ಬರುತ್ತದೆ, ಎದೆಯಲ್ಲಿ ಕೆಮ್ಮೇ ಇಲ್ಲದೆಯೂ ಬರಬಹುದು. ಸಿಫಿಲಿಸ್ ಕೂಡ ಹೀಗೇ ವೇಷ ಹಾಕಿಕೊಂಡು ಬರುತ್ತದೆ. ಸೋಂಕು ಇರುವಾಗ ಅದಕ್ಕೆ ಔಷಧಿ ಕೊಡದೆ ಸ್ಟೀರಾಯ್ಡ್ ಮಾತ್ರ ಕೊಟ್ಟರೆ ರೋಗ ಹೆಚ್ಚಬಹುದು. ಹಾಗಾಗಿ ಎದೆಯ ಎಕ್ಸ್‌ರೇ, ರಕ್ತಪರೀಕ್ಷೆ, ಕ್ಷಯ ಪತ್ತೆಗೆ ಮುಂಗೈಗೆ ಮಾಂಟೂ ಪರೀಕ್ಷೆ. ಟಿಬಿ ಅನ್ನುವ ಮಾತು ಬೀದಿಗೆ ತಿಳಿದರೆ ಗಿರಾಕಿಗಳು ಬರುವುದಿಲ್ಲ ಅನ್ನುವ ಹೆದರಿಕೆ ಚಿಕ್ಕಮ್ಮನಿಗೆ; ಪರೀಕ್ಷೆಯ ಗುರುತು ಕಾಣದಿರಲಿ ಅಂತ ಎರಡು ದಿನ ಉದ್ದ ತೋಳಿನ ಬ್ಲೌಸ್ ಹಾಕಿಕೊಂಡೇ ಇದ್ದರು. ಯಾವ ಸೋಂಕೂ ಸಿಗಲಿಲ್ಲ. ಉರಿಯೂತಕ್ಕೆ ಕಾರಣವೂ ಸಿಗಲಿಲ್ಲ. ಹಾಗೆ ಕಾರಣ ಸಿಗದೆ ಉಳಿಯುವವರು ಬಹಳ ಮಂದಿ ಅಂತ ವೈದ್ಯೆ ಸಮಾಧಾನ ಹೇಳಿದರು.

ಕಣ್ಣುಗುಡ್ಡೆಯ ಪಕ್ಕಕ್ಕೆ ಟ್ರಯಾಮ್ಸಿನೊಲೋನ್ ಅನ್ನುವ ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟರು, ಮನೆಯಲ್ಲಿ ಹಾಕಿಕೊಳ್ಳಲು ಹನಿಯನ್ನೂ ಬರೆದುಕೊಟ್ಟರು. ಮರಗಟ್ಟಿಸುವ ಹನಿ ಮೊದಲೇ ಹಾಕಿದ್ದರಿಂದ ಒತ್ತಿದಂತಾಯಿತೇ ಹೊರತು ನೋವಾಗಲಿಲ್ಲವಂತೆ. ಸ್ಟೀರಾಯ್ಡ್‌ನಿಂದ ಕಣ್ಣಿನ ಒತ್ತಡ ಏರಬಹುದು, ಪೊರೆ ಬರಬಹುದು. ಅದಕ್ಕೆ ತಪ್ಪದೆ ಬರಬೇಕು ಅಂದಿದ್ದರು. ಶ್ರಾವಣ ಬರುವ ಹೊತ್ತಿಗೆ ಗೆರೆ ನೇರವಾಯಿತು, ಮದುವೆ ಬ್ಲೌಸುಗಳ ರಾಶಿಯೂ ಬಂತು. ಚಿಕ್ಕಮ್ಮ ಹನಿ ಹಾಕುವುದನ್ನು ಬಿಟ್ಟರು, ಆಸ್ಪತ್ರೆಗೆ ಹೋಗುವುದನ್ನೂ ಬಿಟ್ಟರು. ಮಾಘದ ಹೊತ್ತಿಗೆ ಕಾಜ ಹಾಕುವಾಗ ಗುಂಡಿಯೇ ಎರಡಾಗಿ ಕಂಡಿತು.

ಮತ್ತೆ ಮಿಂಟೋಗೆ ಹೋದಾಗ ವೈದ್ಯೆ ಬಯ್ಯಲಿಲ್ಲ. ದಾರಿಗಳನ್ನು ಬಿಡಿಸಿ ಹೇಳಿದರು. ಅವರು ಹೇಳಿದ ಮೇಲೆ ನಾನೂ ಓದಿದೆ: 2019ರಲ್ಲಿ ಪ್ರಕಟವಾದ ‘ಪಾಯಿಂಟ್’ ಎಂಬ ಅಧ್ಯಯನದಲ್ಲಿ ಎಂಟು ವಾರಕ್ಕೆ ಮ್ಯಾಕ್ಯುಲಾದ ದಪ್ಪ, ಕಣ್ಣಿನ ಪಕ್ಕಕ್ಕೆ ಕೊಟ್ಟ ಟ್ರಯಾಮ್ಸಿನೊಲೋನ್‌ನಿಂದ ಶೇಕಡಾ 23ರಷ್ಟು ಇಳಿದರೆ, ಅದನ್ನೇ ಕಣ್ಣಿನೊಳಗೆ ಕೊಟ್ಟಾಗ 39, ಕಣ್ಣಿನೊಳಗೇ ಇಡುವ ಡೆಕ್ಸಾಮೆಥಾಸೋನ್ ಅನ್ನುವ ಸ್ಟೀರಾಯ್ಡ್ ಇಂಪ್ಲಾಂಟ್‌ನಿಂದ ಶೇಕಡಾ 46ರಷ್ಟು ಇಳಿದಿತ್ತು. ಒಳಗಿಟ್ಟರೆ ಕಣ್ಣಿನ ಒತ್ತಡ ಏರುವ ಅಪಾಯವೂ ಹೆಚ್ಚು. ಚಿಕ್ಕಮ್ಮನಿಗೆ ಇಂಪ್ಲಾಂಟ್ ಆಯಿತು. ಅದರಲ್ಲಿ ಇರುವುದು 0.7 ಮಿಲಿಗ್ರಾಂ ಔಷಧಿ. ತಿಂಗಳುಗಟ್ಟಲೆ ಸ್ವಲ್ಪಸ್ವಲ್ಪವೇ ಬಿಡುಗಡೆಯಾಗುತ್ತದೆ. ಉರಿಯೂತ ಮರಳದಿರಲಿ ಅಂತ ಮೆಥೊಟ್ರೆಕ್ಸೇಟ್ ಮಾತ್ರೆ, ಜೊತೆಗೆ ಫೋಲಿಕ್ ಆಸಿಡ್. ಈ ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ ತೆಗೆದುಕೊಳ್ಳುವಂಥದ್ದು. ತಪ್ಪಿ ದಿನಾ ನುಂಗಿದರೆ ಪ್ರಾಣಕ್ಕೇ ಕುತ್ತು. ನಾನು ಕ್ಯಾಲೆಂಡರಿನ ಪ್ರತಿ ಗುರುವಾರಕ್ಕೂ ಕೆಂಪು ಸುತ್ತು ಹಾಕಿದೆ. ಲಿವರ್ ಹೇಗಿದೆ, ರಕ್ತಕಣಗಳು ಸರಿಯಿವೆಯೇ ಅಂತ ಆಗಾಗ ರಕ್ತಪರೀಕ್ಷೆ.

ಊತ ಇಳಿಯಿತು. ಆಮೇಲೆ ಪೊರೆ ಬಂತು. ಉರಿಯೂತ ಮೂರು ತಿಂಗಳಾದರೂ ಪೂರ್ತಿ ಶಾಂತವಾಗಿರುವುದನ್ನು ಕಾದು ನೋಡಿ ಪೊರೆಯನ್ನು ತೆಗೆದರು. ಎಡಗಣ್ಣು ಮೊದಲಿನಷ್ಟು ಚುರುಕಾಗಲಿಲ್ಲ. ತಡವಾದ ದಿನಗಳು ಅಷ್ಟನ್ನು ತಿಂದವು ಅನ್ನುವುದು ನನ್ನ ಅನಿಸಿಕೆ. ಚಿಕ್ಕಮ್ಮ ಈಗಲೂ ಹೊಲಿಯುತ್ತಾರೆ, ಸಣ್ಣ ಕೈಕೆಲಸವನ್ನಷ್ಟೇ ಬೇರೆಯವರಿಗೆ ಕೊಡುತ್ತಾರೆ.

ನಿಮ್ಮ ಮನೆಯಲ್ಲಿ ಯಾರಿಗಾದರೂ ಕಿಟಕಿಯ ಸರಳು ಸೊಟ್ಟ ಕಂಡರೆ, ಕಣ್ಣ ಮುಂದೆ ಹೊಸದಾಗಿ ಚುಕ್ಕೆಗಳು ತೇಲಿದರೆ, ಒಂದೊಂದೇ ಕಣ್ಣು ಮುಚ್ಚಿಸಿ ಕೇಳಿ. ಹಿಂದೆ ಯಾರಿಗೋ ಬರೆದುಕೊಟ್ಟ ಸ್ಟೀರಾಯ್ಡ್ ಹನಿಯನ್ನು ಹಾಕಬೇಡಿ. ಪಾಪೆ ಹಿಗ್ಗಿಸಿ ಒಳಗೆ ನೋಡುವ ಕಣ್ಣಿನ ವೈದ್ಯರ ಬಳಿ ತಡಮಾಡದೆ ಕರೆದುಕೊಂಡು ಹೋಗಿ, ಅವರು ಸಾಕು ಅನ್ನುವವರೆಗೆ ಔಷಧಿ ಬಿಡಬೇಡಿ.