ಒಂದು ಗೇಣು ದಾರ

ಮಗಳು ಸ್ಯಾನ್ ಫ್ರಾನ್ಸಿಸ್ಕೋ ಬಳಿಯ ಸನ್ನಿವೇಲ್‌ನಲ್ಲಿ ಕೆಲಸಕ್ಕೆ ಸೇರಿದ ವರ್ಷ, ಮನೆಗೆ ಬಂದವರಿಗೆಲ್ಲ ಅಮ್ಮ ಹೇಳುತ್ತಿದ್ದದ್ದು ಒಂದೇ ಮಾತು: “ಮೊಮ್ಮಗಳು ಏಳು ಸಮುದ್ರದಾಚೆ ಇದಾಳೆ.” ಒಂದು ಸಂಜೆ ಅಟ್ಟದಿಂದ ಹಳೆಯ ಪುಟ್ಟ ಗ್ಲೋಬನ್ನು ಇಳಿಸಿ ಧೂಳು ಒರೆಸಿದೆ. ಅಮ್ಮ ಹೂ ಕಟ್ಟುವ ದಾರ ತಂದಳು. ಒಂದು ತುದಿಯನ್ನು ಬೆಂಗಳೂರಿನ ಮೇಲೆ ಅವಳು ಒತ್ತಿ ಹಿಡಿದಳು, ಇನ್ನೊಂದನ್ನು ಸ್ಯಾನ್ ಫ್ರಾನ್ಸಿಸ್ಕೋ ಮೇಲೆ ನಾನು. ಬಿಗಿಯಾಗಿ ಎಳೆದಾಗ ದಾರ ತಾನಾಗಿಯೇ ಜಾರಿ ಉತ್ತರಕ್ಕೆ ಹೋಗಿ ಕೂತಿತು. ಛತ್ತೀಸಗಢ, ನೇಪಾಳ, ಟಿಬೆಟ್, ಮಂಗೋಲಿಯಾ, ಸೈಬೀರಿಯಾ. ಆರ್ಕ್ಟಿಕ್ ಸಾಗರದ ಅಂಚು ಸವರಿ ಅಲಾಸ್ಕಾ. ಕೊನೆಗಷ್ಟು ಪೆಸಿಫಿಕ್.

“ಸಮುದ್ರ ಎಲ್ಲೋ? ಎಲ್ಲಾ ನೆಲಾನೇ ಇದೆಯಲ್ಲ!”

ನನಗೂ ಆಶ್ಚರ್ಯವೇ. ಶಾಲೆಯ ಗೋಡೆಯ ನಕ್ಷೆ ನೋಡಿ ಬೆಳೆದವರಿಗೆ ಅಮೆರಿಕ ಎಂದರೆ ನೀರು ದಾಟಿ ಹೋಗುವ ಊರು. ಆದರೆ ಈ ಎರಡು ನಗರಗಳ ನಡುವೆ 160 ಡಿಗ್ರಿ ರೇಖಾಂಶ. ಭೂಮಿಯ ಬೆನ್ನಿಗೊಂದು, ಹೊಟ್ಟೆಗೊಂದು ಇದ್ದಂತೆ. ನೆತ್ತಿಯ ಕಡೆಯಿಂದ ಹೋದರೇ ಹತ್ತಿರ. ಅಮ್ಮ ದಾರವನ್ನು ಬಿಡಿಸಿ ಕೈಯಿಂದ ಅಳೆದಳು. ಸರಿಯಾಗಿ ಒಂದು ಗೇಣು. ನೆಲದ ಲೆಕ್ಕದಲ್ಲಿ ಸುಮಾರು 14,000 ಕಿಲೋಮೀಟರ್, ಭೂಮಿಯ ಸುತ್ತಳತೆಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚು.

ವಿಮಾನ ದಾರದ ಗೆರೆಯನ್ನೇ ಹಿಡಿಯುವುದಿಲ್ಲ. ಒಳಗಿನ ಗಾಳಿಯ ಒತ್ತಡ ತಪ್ಪಿದರೆ ಉಸಿರಾಡಲು ಹತ್ತು ಸಾವಿರ ಅಡಿಗೆ ಇಳಿಯಬೇಕು; ಟಿಬೆಟ್‌ನ ನೆಲವೇ ಅದಕ್ಕಿಂತ ಎತ್ತರ. ಆದ್ದರಿಂದ ಸುತ್ತು ಹಾಕುತ್ತಾರೆ. ಪಶ್ಚಿಮದಿಂದ ಬೀಸುವ ಮೇಲುಗಾಳಿಯ ಲೆಕ್ಕವೂ ಇದೆ. 2021ರ ಜನವರಿ 9ರ ಶನಿವಾರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೋ ಬಿಟ್ಟ ಏರ್ ಇಂಡಿಯಾದ ಮೊದಲ ನೇರ ವಿಮಾನ ಉತ್ತರ ಧ್ರುವದ ಮೇಲೆ ಹಾದು ಬೆಂಗಳೂರಿಗೆ ಬಂತು. ನಡೆಸಿದವರೆಲ್ಲ ಹೆಣ್ಣುಮಕ್ಕಳು, ಮುಂದಾಳು ಕ್ಯಾಪ್ಟನ್ ಜೋಯಾ ಅಗರ್ವಾಲ್. ಆ ಸುದ್ದಿ ಓದಿ ಹೇಳಿದಾಗ ಅಮ್ಮ ಕೈ ಮುಗಿದದ್ದು ನೆನಪಿದೆ. ಹಾರಾಟ 17 ಗಂಟೆಗೂ ಹೆಚ್ಚು. ಇಳಿದದ್ದು ಸೋಮವಾರ ಬೆಳಗಿನ ಜಾವ.

ಮುಂದಿನ ಚಳಿಗಾಲ ಮಗಳೂ ಹಾಗೆಯೇ ಬಂದಳು. ಶನಿವಾರ ರಾತ್ರಿ ಹತ್ತಿ, ಸೋಮವಾರ ಇಳಿದಳು. “ಭಾನುವಾರ ಎಲ್ಲಿ ಹೋಯ್ತೇ?” ಎಂದು ಅಮ್ಮ ಕೇಳಿದಳು. ಅದು ಆಕಾಶದಲ್ಲೇ ಕಳೆದುಹೋಗಿತ್ತು. ಹೋಗುವಾಗ ಇದರ ತಿರುಗುಮುರುಗು. ಮಧ್ಯಾಹ್ನ ಊಟ ಮುಗಿಸಿ ಹೊರಟವಳು ಹದಿನಾರು ಗಂಟೆ ಕೂತು ಅದೇ ತಾರೀಕಿನ ಸಂಜೆ ಇಳಿಯುತ್ತಾಳೆ.

“ಸಂಜೆ ಐದಕ್ಕೆ ತಲುಪ್ತೀನಿ ಅಜ್ಜಿ,” ಎಂದು ಹೇಳಿ ಹೋದಳು. ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಹದಿಮೂರೂವರೆ ಗಂಟೆ ಹಿಂದೆ ಎಂದು ಬಿಡಿಸಿ ಹೇಳುವುದು ನನಗೆ ಹೊಳೆಯಲಿಲ್ಲ. ಅಮ್ಮ ಐದಕ್ಕೆ ಕಾದಳು, ಎಂಟಕ್ಕೆ ಕಾದಳು. ವಿವರಿಸಿದ ಮೇಲೂ ಮಲಗಲಿಲ್ಲ, ನಡುಮನೆಯ ಕುರ್ಚಿಯಲ್ಲೇ ರಾತ್ರಿ ಕಳೆದಳು. ಆ ಗೇಣುದ್ದ ದಾರ ಎಷ್ಟು ಉದ್ದ ಎನ್ನುವುದು ಅವತ್ತು ನನಗೆ ತಿಳಿಯಿತು.

ಬೆಳಿಗ್ಗೆ ಆರೂಮುಕ್ಕಾಲಿಗೆ ಫೋನ್ ಬಂತು. ಅಮ್ಮ ಆಗಷ್ಟೇ ಮುಖ ತೊಳೆದು ದೇವರ ಮುಂದೆ ದೀಪ ಹಚ್ಚಿದ್ದಳು.

“ತಲುಪಿದೆಯಾ ಕಂದಾ? ಅಲ್ಲಿ ಮುಸ್ಸಂಜೆ ಅಲ್ವಾ? ಮನೆಗೆ ಹೋದ ತಕ್ಷಣ ದೀಪ ಹಚ್ಚು.”